ಓರೆಯಾಗುವ ಹಲಗೆಯ ಮೇಜು: ಜಾರಿದರೆ, ಅಲುಗಾಡಿದರೆ, ಬಾಗಿದರೆ ಎಲ್ಲಿಂದ ನೋಡಬೇಕು

ಮಗಳು ಆರ್ಕಿಟೆಕ್ಚರ್ ಸೇರಿದ ವರ್ಷ ಅವಳಿಗೆ ಮನೆಯಲ್ಲೇ ಒಂದು ಮೇಜು ಮಾಡಿಸಿದೆವು. ಮೂರಡಿ ಉದ್ದ, ಎರಡಡಿ ಅಗಲ. ಎ1 ಹಾಳೆ ಪೂರ್ತಿ ಹಾಸಿದರೂ ಸುತ್ತ ಸ್ವಲ್ಪ ಜಾಗ ಉಳಿಯುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಹಲಗೆ, ಮೇಲೆ ಲ್ಯಾಮಿನೇಟ್. ಕೂರುವವರ ಕಡೆಯ ಅಂಚಿಗೆ ಹಿಂಜ್ ಇದೆ, ಹಿಂದಿನ ಅಂಚು ಮೇಲೇಳುತ್ತದೆ. ಎತ್ತಿದ ಹಲಗೆಯನ್ನು ಎರಡು ಪಕ್ಕದಲ್ಲಿರುವ ಕಬ್ಬಿಣದ ಆಸರೆ ಪಟ್ಟಿಗಳು ಹಿಡಿದುಕೊಳ್ಳುತ್ತವೆ.

ಮೂರು ತಿಂಗಳಲ್ಲಿ ಎಡಗಡೆಯ ಪಟ್ಟಿಯ ಸ್ಕ್ರೂಗಳು ಕಿತ್ತು ಬಂದವು. ಅದನ್ನು ಸರಿ ಮಾಡುವಾಗ ಕಲಿತದ್ದನ್ನು ಆಮೇಲೆ ನೆಂಟರ, ಅಕ್ಕಪಕ್ಕದವರ ಮೇಜುಗಳಲ್ಲೂ ನೋಡಿದೆ. ಇಂಥ ಮೇಜಿನಲ್ಲಿ ಕೆಡುವುದು ತಿರುಗುವ ಭಾಗವೇ ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಹಿಂಜ್ ಚೆನ್ನಾಗಿರುತ್ತದೆ, ಪಟ್ಟಿಯೂ ಚೆನ್ನಾಗಿರುತ್ತದೆ. ಸೋತಿರುವುದು ಅವುಗಳನ್ನು ಮರಕ್ಕೆ ಕೂರಿಸಿದ ಜಾಗ. ಅದು ಸೋಲುವುದು ಯಾಕೆಂದರೆ, ಮಾಡಿಸುವಾಗ ಹಲಗೆಯ ಭಾರವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಅದರ ಮೇಲೆ ಊರುವ ಮೊಣಕೈಗಳ ಭಾರವನ್ನು ಯಾರೂ ಹಾಕುವುದಿಲ್ಲ. ಕೆಳಗೆ ಬರೆದಿರುವುದನ್ನು ಓದುವಾಗ ಈ ಮೊಣಕೈ ಭಾರ ತಲೆಯಲ್ಲಿರಲಿ.

ಕೈ ಹಾಕುವ ಮೊದಲು

ಮೇಜಿನ ಮೇಲಿರುವ ಎಲ್ಲವನ್ನೂ ತೆಗೆಯಿರಿ, ದೀಪದ ಪ್ಲಗ್ ಕಿತ್ತಿಡಿ. ಹಲಗೆ ಎತ್ತಿ ಅದರ ಕೆಳಗೆ ಕೆಲಸ ಮಾಡುವಾಗ ಆಸರೆ ಪಟ್ಟಿಯನ್ನು ನಂಬಬೇಡಿ. ನೀವು ಪರೀಕ್ಷೆ ಮಾಡುತ್ತಿರುವುದೇ ಅದನ್ನು. ಒಂದು ಗಟ್ಟಿ ಮರದ ತುಂಡನ್ನು ಹಲಗೆಗೂ ಚೌಕಟ್ಟಿಗೂ ನಡುವೆ ನಿಲ್ಲಿಸಿ, ಆಮೇಲೆ ಕೈ ಒಳಗೆ ಹಾಕಿ. ಏಳು ಕೆ.ಜಿ. ಹಲಗೆ ಹಿಂಜ್ ಕಡೆ ಬೆರಳಿನ ಮೇಲೆ ಬಿದ್ದರೆ ಏಳು ಕೆ.ಜಿ.ಯಷ್ಟೇ ಪೆಟ್ಟು ಕೊಡುವುದಿಲ್ಲ. ಹಿಂಜ್ ಹತ್ತಿರ ಅದು ಅಡಕತ್ತರಿಯ ಥರ ಕೆಲಸ ಮಾಡುತ್ತದೆ, ಬಲ ಹಲವು ಪಟ್ಟು ಆಗುತ್ತದೆ. ಚಿಕ್ಕ ಮಕ್ಕಳು ಆ ಹೊತ್ತು ಆ ಕೋಣೆಯಲ್ಲಿ ಇರಬಾರದು.

ಬೇಕಾಗುವ ಸಾಮಾನು ಕಡಿಮೆ: ಸ್ಕ್ರೂಡ್ರೈವರ್, ಸ್ಪ್ಯಾನರ್, ಅಳತೆ ಟೇಪು, ಒಂದು ಗಟ್ಟಿ ದಾರ, ಪೆನ್ಸಿಲ್.

ಎತ್ತಿ ನಿಲ್ಲಿಸಿದ ಹಲಗೆ ತಾನಾಗೇ ಇಳಿಯುತ್ತದೆ

ಮೊದಲು ಹೇಗೆ ಇಳಿಯುತ್ತದೆ ಅಂತ ನೋಡಿ. ನಿಧಾನವಾಗಿ ಜಾರುವುದು ಬೇರೆ, ಟಕ್ ಅಂತ ಒಂದೇ ಸಲ ಬೀಳುವುದು ಬೇರೆ. ಎರಡಕ್ಕೂ ಕಾರಣ ಬೇರೆ ಬೇರೆ.

ನಿಧಾನವಾಗಿ ಜಾರುವುದು ಹೆಚ್ಚಾಗಿ ಸೀಳು ಇರುವ ಪಟ್ಟಿಗಳಲ್ಲಿ. ಪಟ್ಟಿಯ ಉದ್ದಕ್ಕೂ ಒಂದು ಸೀಳು, ಅದರಲ್ಲಿ ಬೋಲ್ಟು, ಹೊರಗೆ ಕೈಯಲ್ಲೇ ಬಿಗಿಯುವ ಚಿಟ್ಟೆ ನಟ್ಟು. ಇಲ್ಲಿ ಹಲಗೆಯನ್ನು ಹಿಡಿದಿರುವುದು ಬರೀ ಉಜ್ಜಾಟ. ಹಲಗೆಯನ್ನು 15 ಡಿಗ್ರಿಗೆ ಎತ್ತಿ, ನಟ್ಟು ಬಿಗಿದು, ಬೋಲ್ಟು ನಿಂತ ಜಾಗದಲ್ಲಿ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಎರಡು ದಪ್ಪ ಪುಸ್ತಕ ಇಟ್ಟು ಅರ್ಧ ಗಂಟೆ ಬಿಡಿ. ಗೆರೆ ಸರಿದಿದ್ದರೆ ನಟ್ಟು ಹಿಡಿಯುತ್ತಿಲ್ಲ. ಗೆರೆ ಅಲ್ಲೇ ಇದ್ದು ಹಲಗೆ ಮಾತ್ರ ಇಳಿದಿದ್ದರೆ ಪಟ್ಟಿಯ ತುದಿಯ ಸ್ಕ್ರೂ ಸಡಿಲ. ಆಗ ‘ಸ್ಕ್ರೂ ಕಿತ್ತು ಬರುತ್ತದೆ’ ಅನ್ನುವ ಭಾಗಕ್ಕೆ ಹೋಗಿ.

ಗೆರೆ ಸರಿದಿದ್ದರೆ ಪಟ್ಟಿಯ ಮೈ ಮುಟ್ಟಿ ನೋಡಿ. ಎಣ್ಣೆ ಜಿಡ್ಡು ಇದೆಯಾ? ಕಿರುಗುಟ್ಟುತ್ತದೆ ಅಂತ ಯಾರೋ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿರುತ್ತಾರೆ. ಎಣ್ಣೆ ಹಿಂಜ್‌ಗೆ ಸರಿ, ಬಿಗಿದು ಹಿಡಿಯುವ ಪಟ್ಟಿಗೆ ಬೇಡವೇ ಬೇಡ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಕಿಟಕಿ ತೆರೆದಿಟ್ಟು, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು. ಆಮೇಲೆ ಉಪ್ಪುಕಾಗದದಿಂದ ಪಟ್ಟಿಯ ಎರಡೂ ಮುಖವನ್ನು ಸ್ವಲ್ಪ ಒರಟು ಮಾಡಿ. ನಟ್ಟಿನ ಕೆಳಗೆ ಒಂದು ಅಗಲವಾದ ವಾಷರ್, ಅದರ ಮೇಲೆ ಒಂದು ಸ್ಪ್ರಿಂಗ್ ವಾಷರ್ ಹಾಕಿ. ಹತ್ತಿಪ್ಪತ್ತು ರೂಪಾಯಿಯ ಈ ಕೆಲಸದಲ್ಲಿ ಅರ್ಧ ಮೇಜುಗಳು ಸರಿಹೋಗುತ್ತವೆ. ಚಿಟ್ಟೆ ನಟ್ಟನ್ನು ಇಕ್ಕಳ ಹಾಕಿ ಮುರಿಯುವಷ್ಟು ಬಿಗಿಯುವ ಪರಿಸ್ಥಿತಿ ಬಂದರೆ ದೋಷ ನಟ್ಟಿನಲ್ಲಿಲ್ಲ. ಆ ಪಟ್ಟಿಯನ್ನು ಕೂರಿಸಿದ ಜಾಗವೇ ತಪ್ಪು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಮೇಜಿನ ಗುಟ್ಟು ಇಲ್ಲಿದೆ. ನಮ್ಮ ಹಲಗೆ ಲ್ಯಾಮಿನೇಟ್ ಸೇರಿ ಸುಮಾರು 7 ಕೆ.ಜಿ. ಆ ಭಾರ ಹಲಗೆಯ ನಡುವೆ, ಅಂದರೆ ಹಿಂಜ್‌ನಿಂದ 30 ಸೆಂ.ಮೀ. ದೂರದಲ್ಲಿ ಕೂತಂತೆ. 2 ಕೆ.ಜಿ. ಪುಸ್ತಕ 40 ಸೆಂ.ಮೀ. ದೂರದಲ್ಲಿ. ಎರಡು ಮೊಣಕೈಯಿಂದ 6 ಕೆ.ಜಿ., 20 ಸೆಂ.ಮೀ. ದೂರದಲ್ಲಿ. ಭಾರವನ್ನು ದೂರದಿಂದ ಗುಣಿಸಿ ಕೂಡಿದರೆ 210, 80, 120, ಒಟ್ಟು 410. ಈಗ ಆಸರೆ ಪಟ್ಟಿ ಹಿಂಜ್‌ನಿಂದ 40 ಸೆಂ.ಮೀ. ದೂರದಲ್ಲಿ ನೇರವಾಗಿ ಒತ್ತುತ್ತಿದ್ದರೆ ಅದು ಹೊರಬೇಕಾದದ್ದು ಹತ್ತು ಕೆ.ಜಿ. ಚಿಲ್ಲರೆ. ಎರಡು ಪಟ್ಟಿ ಹಂಚಿಕೊಂಡರೆ ತಲಾ ಐದು. ಅದೇ ಪಟ್ಟಿಯನ್ನು ಹಿಂಜ್‌ನಿಂದ 15 ಸೆಂ.ಮೀ.ನಲ್ಲಿ ಕೂರಿಸಿದರೆ 27 ಕೆ.ಜಿ. ಇನ್ನು ಪಟ್ಟಿ ನೇರವಾಗಿ ನಿಲ್ಲದೆ ಹಲಗೆಗೆ ಒತ್ತಿಕೊಂಡಂತೆ 20 ಡಿಗ್ರಿ ಓರೆಯಲ್ಲಿ ಮಲಗಿದ್ದರೆ ಅದೇ 27 ಕೆ.ಜಿ. 80 ಆಗುತ್ತದೆ. ಹಲಗೆ ಅದೇ, ಪುಸ್ತಕ ಅದೇ. ಬದಲಾದದ್ದು ಪಟ್ಟಿಯ ಜಾಗ ಮಾತ್ರ.

ಹಾಳೆಯ ಮೇಲ್ತುದಿಯಲ್ಲಿ ಗೆರೆ ಎಳೆಯಲು ಬಗ್ಗಿ ಒಂದು ಕೈ ಊರಿದರೆ 15 ಕೆ.ಜಿ. ಸುಲಭವಾಗಿ ಬೀಳುತ್ತದೆ, ಅದೂ ದೂರದ ತುದಿಗೆ. ಹಾಗಾಗಿ ಆಸರೆ ಪಟ್ಟಿಯ ಮೇಲಿನ ತುದಿ ಹಲಗೆಯ ಅಗಲದಲ್ಲಿ ಮೂರನೇ ಎರಡು ಭಾಗ ದಾಟಿರಬೇಕು. ನೀವು ಜಾಸ್ತಿ ಬಳಸುವ ಓರೆಯಲ್ಲಿ ಪಟ್ಟಿಗೂ ಹಲಗೆಗೂ ನಡುವೆ ಕನಿಷ್ಠ 45 ಡಿಗ್ರಿ ಇರಬೇಕು. ನಿಮ್ಮ ಮೇಜಿನಲ್ಲಿ ಹೀಗಿಲ್ಲದಿದ್ದರೆ ಪಟ್ಟಿಯನ್ನು ಬಿಚ್ಚಿ ಹಿಂದಕ್ಕೆ ಸರಿಸುವುದೇ ಔಷಧ.

ಇನ್ನು ಟಕ್ ಅಂತ ಬೀಳುವುದು. ಇದು ಹಲ್ಲುಗಳಿರುವ ರ್‍ಯಾಚೆಟ್ ಪಟ್ಟಿಯಲ್ಲಿ ಆಗುತ್ತದೆ. ಇದು ಎತ್ತುವಾಗ ಒಂದೊಂದೇ ಹಲ್ಲು ಹಿಡಿಯುತ್ತಾ ಹೋಗುತ್ತದೆ. ಇಳಿಸಬೇಕಾದರೆ ಪೂರ್ತಿ ಮೇಲಕ್ಕೆ ಎತ್ತಬೇಕು, ಆಗ ಬೀಗ ಬಿಡುತ್ತದೆ, ಆಮೇಲೆ ಪೂರ್ತಿ ಕೆಳಗೆ ತರಬೇಕು. ಇದು ಗೊತ್ತಿಲ್ಲದೆ ನಡುವಿನಲ್ಲಿ ಒತ್ತಿ ಇಳಿಸಲು ನೋಡಿದರೆ ಹಲ್ಲು ಸವೆಯುತ್ತದೆ, ಬಾಗುತ್ತದೆ. ಹಲಗೆ ಇಳಿಯುವುದೇ ಇಲ್ಲ ಅಂತ ದೂರುವ ಎಷ್ಟೋ ಮೇಜುಗಳಲ್ಲಿ ದೋಷವೇ ಇರುವುದಿಲ್ಲ. ಮನೆಯವರಿಗೆಲ್ಲ ಒಮ್ಮೆ ತೋರಿಸಿಕೊಟ್ಟರೆ ಸಾಕು. ಆದರೆ ಹಲ್ಲು ನಿಜವಾಗಿಯೂ ಸವೆದಿದ್ದರೆ ಅರ ಹಾಕಿ ಚೂಪು ಮಾಡಲು ಹೋಗಬೇಡಿ. ಪಟ್ಟಿ ಬದಲಿಸಿ, ಎರಡೂ ಕಡೆ ಒಟ್ಟಿಗೆ. ಒಂದು ಹಳತು ಒಂದು ಹೊಸತು ಇದ್ದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಮೂರನೇ ಬಗೆಯ ಆಸರೆ ಗ್ಯಾಸ್ ಪಂಪ್. ಅಡುಗೆಮನೆಯ ಮೇಲಿನ ಕಪಾಟುಗಳಿಗೆ ಹಾಕುವಂಥದ್ದು. ಅದರ ಮೈಮೇಲೆ 60, 80, 100, 150 ಹೀಗೆ ಒಂದು ಸಂಖ್ಯೆ, ಮುಂದೆ ನ್ಯೂಟನ್ ಗುರುತು ಇರುತ್ತದೆ. 10 ನ್ಯೂಟನ್ ಅಂದರೆ ಸುಮಾರು ಒಂದು ಕೆ.ಜಿ. ಒತ್ತುವ ಬಲ. ಈ ಸಾದಾ ಪಂಪು ಎತ್ತಲು ಸಹಾಯ ಮಾಡುತ್ತದೆ, ಬೇಕಾದ ಓರೆಯಲ್ಲಿ ಬೀಗ ಹಾಕಿ ನಿಲ್ಲಿಸುವುದಿಲ್ಲ. ಕೈ ಊರಿದ ಕೂಡಲೇ ಹಲಗೆ ಇಳಿದರೆ ಅದು ಪಂಪಿನ ದೋಷ ಅಲ್ಲ, ಅದಕ್ಕೆ ಒಪ್ಪಿಸಿದ ಕೆಲಸ ತಪ್ಪು. ಪಂಪು ಇರಲಿ, ಜೊತೆಗೆ ಬಿಗಿದು ನಿಲ್ಲಿಸುವ ಪಟ್ಟಿಯೂ ಇರಲಿ. ಮೊದಲು ಎತ್ತುತ್ತಿದ್ದ ಪಂಪು ಈಗ ಎತ್ತುತ್ತಿಲ್ಲವೇ? ಅದರ ಹೊಳೆಯುವ ಕಡ್ಡಿಯ ಬುಡದಲ್ಲಿ ಎಣ್ಣೆ ಕಂಡರೆ ಒಳಗಿನ ಸೀಲ್ ಹೋಗಿದೆ. ಇದಕ್ಕೆ ರಿಪೇರಿ ಇಲ್ಲ.

ಇಲ್ಲಿ ನಿಲ್ಲಿಸಲೇಬೇಕು: ಗ್ಯಾಸ್ ಪಂಪನ್ನು ಬಿಚ್ಚಬೇಡಿ, ಕೊರೆಯಬೇಡಿ, ಬಿಸಿ ಮಾಡಬೇಡಿ. ಒಳಗೆ ಜಾಸ್ತಿ ಒತ್ತಡದ ನೈಟ್ರೋಜನ್ ಇರುತ್ತದೆ. ಹೊಸದನ್ನು ಹಾಕುವಾಗ ಮೇಜು ಮುಚ್ಚಿರುವ ಸ್ಥಿತಿಯಲ್ಲಿ ಕಡ್ಡಿಯ ತುದಿ ಕೆಳಗೆ ಇರುವಂತೆ ಕೂರಿಸಿ. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದು ಒಣಗದಂತೆ ಕಾಪಾಡುತ್ತದೆ.

ಸ್ಕ್ರೂ ಕಿತ್ತು ಬರುತ್ತದೆ

ನಮ್ಮ ಮೇಜಿನ ಕತೆಯೇ ಇದು. ಕಿತ್ತು ಬಂದ ಸ್ಕ್ರೂ ಕೈಗೆ ಸಿಕ್ಕರೆ ಎಸೆಯಬೇಡಿ, ಅದು ಮಾತಾಡುತ್ತದೆ. ಸುರುಳಿಯ ಸಂದಿಯಲ್ಲಿ ಮರದ ನಾರು ಉದ್ದುದ್ದಕ್ಕೆ ಅಂಟಿದ್ದರೆ ಮರ ಒಳ್ಳೆಯದು, ಎಳೆತ ಜಾಸ್ತಿ ಆಯಿತು ಅಂತ ಅರ್ಥ. ಪುಡಿ ಪುಡಿ ಹೊಟ್ಟು ಅಂಟಿದ್ದರೆ ಅದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಏನೂ ಅಂಟಿರದೆ ಸ್ವಚ್ಛವಾಗಿದ್ದರೆ ಮೊದಲೇ ಕೊರೆದ ತೂತು ದೊಡ್ಡದಾಗಿತ್ತು. ಸ್ಕ್ರೂ ಬಾಗಿದ್ದರೆ ಪಟ್ಟಿ ಪಕ್ಕಕ್ಕೆ ಎಳೆಯುತ್ತಿದೆ, ಎರಡು ಕಡೆಯ ಪಟ್ಟಿಗಳು ಒಂದಕ್ಕೊಂದು ಸಮಾನವಾಗಿಲ್ಲ.

ಪ್ಲೈವುಡ್ ಅಥವಾ ಗಟ್ಟಿ ಮರವಾದರೆ ಅಗ್ಗದ ದಾರಿ ಬೆಂಕಿಕಡ್ಡಿ. ತಲೆಯ ಮದ್ದು ಮುರಿದು ತೆಗೆದು, ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ, ತೂತು ತುಂಬುವ ತನಕ ತುರುಕಿ. ಹೊರಗೆ ಉಳಿದದ್ದನ್ನು ಕತ್ತರಿಸಿ. ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಅದೇ ಸ್ಕ್ರೂ ಹಾಕಿ. ಅವಸರ ಮಾಡಿ ಸಂಜೆಗೇ ಹಾಕಿದರೆ ಹಿಡಿಯುವುದಿಲ್ಲ. ಇದು ಹಿಂಜ್‌ಗಳಿಗೆ ಚೆನ್ನಾಗಿ ಆಗುತ್ತದೆ. ಆಸರೆ ಪಟ್ಟಿಗೆ ಕೆಲವು ತಿಂಗಳು ಬಂದೀತು, ಅಷ್ಟೇ.

ಪಾರ್ಟಿಕಲ್ ಬೋರ್ಡಿಗೆ ಬೆಂಕಿಕಡ್ಡಿ ಉಪಾಯ ಸುಮ್ನೆ ದಂಡ. ಸುತ್ತಲಿನ ಹೊಟ್ಟೇ ಸಡಿಲವಾಗಿರುವಾಗ ಕಡ್ಡಿ ಏನನ್ನು ಹಿಡಿಯಬೇಕು? ಅಲ್ಲಿ ಭಾರವನ್ನು ಅಗಲಕ್ಕೆ ಹರಡಬೇಕು. ಹಲಗೆಯ ಕೆಳಗೆ, ಪಟ್ಟಿ ಕೂರುವ ಜಾಗದಲ್ಲಿ, ಅಂಗೈ ಅಗಲಕ್ಕಿಂತ ದೊಡ್ಡದಾದ 12 ಮಿ.ಮೀ. ಪ್ಲೈವುಡ್ ತುಂಡನ್ನು ಅಂಟಿಸಿ. ಅಡಿಯಲ್ಲಿ ಲ್ಯಾಮಿನೇಟ್ ಇದ್ದರೆ ಅಷ್ಟು ಜಾಗವನ್ನು ಕೆರೆದು ಬರಿ ಮರ ಕಾಣುವಂತೆ ಮಾಡಬೇಕು, ಇಲ್ಲದಿದ್ದರೆ ಅಂಟು ಕೂರುವುದಿಲ್ಲ. ಅಂಟಿಸಿದ ತುಂಡಿಗೆ ಸುತ್ತಲೂ ಆರೆಂಟು ಸ್ಕ್ರೂ ಹಾಕಿ. ಈಗ ದಪ್ಪ 30 ಮಿ.ಮೀ. ಆಯಿತು, 25 ಮಿ.ಮೀ. ಸ್ಕ್ರೂ ಧೈರ್ಯವಾಗಿ ಹಾಕಬಹುದು. ನಮ್ಮ ಮೇಜಿನದು ಪ್ಲೈವುಡ್ಡೇ ಆದರೂ ಎರಡನೇ ಸಲ ಬಿಚ್ಚಿದಾಗ ನಾವು ಮಾಡಿದ್ದು ಇದನ್ನೇ. ಇನ್ನೂ ಗಟ್ಟಿ ಬೇಕೆಂದರೆ ಹಲಗೆಯನ್ನು ತೂರಿ ಹೋಗುವ ಬೋಲ್ಟು ಹಾಕಿ, ಎರಡೂ ಕಡೆ ಅಗಲ ವಾಷರ್ ಕೊಡಬೇಕು. ಮೇಲೆ ಬೋಲ್ಟಿನ ತಲೆ ಕಾಣುತ್ತದೆ. ಚಿತ್ರ ಬರೆಯುವವರಿಗೆ ಅದು ಹಾಳೆಯ ಕೆಳಗೆ ಗುಬುಟಾಗಿ ಚುಚ್ಚುತ್ತದೆ. ಅದಕ್ಕೇ ನನಗೆ ಅಂಟಿಸಿದ ತುಂಡೇ ಇಷ್ಟ.

ಕೊರೆಯುವಾಗ ಒಂದು ಎಚ್ಚರ. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪು ಸುತ್ತಿಕೊಳ್ಳಿ. 18 ಮಿ.ಮೀ. ಹಲಗೆಗೆ 14 ಮಿ.ಮೀ. ಸಾಕು. ಟೇಪು ಮರ ಮುಟ್ಟಿದ ಕೂಡಲೇ ನಿಲ್ಲಿಸಿ. ಇಲ್ಲದಿದ್ದರೆ ಮೇಲಿನ ಲ್ಯಾಮಿನೇಟ್ ಚಿಪ್ಪೆದ್ದು ಬರುತ್ತದೆ, ಅದನ್ನು ಮತ್ತೆ ಸರಿ ಮಾಡಲು ಆಗದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಹಿಂಜ್ ಸ್ಕ್ರೂಗಳೇ ಕೀಳುತ್ತಿದ್ದರೆ ಅವು ಎಲ್ಲಿ ಹೊಕ್ಕಿವೆ ನೋಡಿ. ಪ್ಲೈವುಡ್ಡಿನ ಅಗಲದ ಮೈಗೆ ಹಾಕಿದ ಸ್ಕ್ರೂ ಬಿಗಿಯಾಗಿ ನಿಲ್ಲುತ್ತದೆ. ಅಂಚಿನ ಪದರಗಳ ನಡುವೆ ಹಾಕಿದ್ದು ಪದರಗಳನ್ನು ಬೇರೆ ಮಾಡುತ್ತದೆ. ಅಂಚಿಗೆ ಹಾಕಿದ್ದರೆ ಹಿಂಜ್ ಬಿಚ್ಚಿ ಅಡಿ ಮೈಗೆ ಬದಲಿಸಿ. ಮೂರು ಚಿಕ್ಕ ಹಿಂಜ್‌ಗಳ ಬದಲು ಅಂಚಿನ ಉದ್ದಕ್ಕೂ ಒಂದೇ ಪಿಯಾನೋ ಹಿಂಜ್ ಹಾಕಿಸುವುದು ನನ್ನ ಸಲಹೆ. ಭಾರ ಇಪ್ಪತ್ತು ಮೂವತ್ತು ಸಣ್ಣ ಸ್ಕ್ರೂಗಳಿಗೆ ಹಂಚಿಹೋಗುತ್ತದೆ. ಮೂರು ಬಿಡಿ ಹಿಂಜ್‌ಗಳು ಒಂದೇ ಗೆರೆಯಲ್ಲಿ ಕೂರದಿದ್ದರೆ ಒಂದನ್ನೊಂದು ತಿರುಚುತ್ತವೆ. ಆ ತೊಂದರೆಯೂ ಇದರಲ್ಲಿ ಇರುವುದಿಲ್ಲ.

ಬರೆಯುವಾಗ ಅಲುಗಾಡುತ್ತದೆ

ಮೊದಲು ನೆಲವನ್ನು ನೋಡಿ. ಮೇಜನ್ನು ಎತ್ತಿ ಕಾಲು ಸುತ್ತು ತಿರುಗಿಸಿ ಇಡಿ. ಅಲುಗಾಟ ಅದೇ ಕಾಲಿನ ಜೊತೆ ಬಂದರೆ ದೋಷ ಮೇಜಿನದು. ಬೇರೆ ಕಾಲಿಗೆ ಹೋದರೆ ನೆಲದ್ದು. ನೆಲದ್ದಾದರೆ ಒಂದು ಕಾಲಿನ ಕೆಳಗೆ ರಬ್ಬರ್ ತುಂಡು ಕೊಟ್ಟರೆ ಮುಗಿಯಿತು.

ಮೇಜಿನದೇ ಆದರೆ ಹಲಗೆಯನ್ನು ಪೂರ್ತಿ ಮಲಗಿಸಿ ಅಲುಗಿಸಿ ನೋಡಿ, ಆಮೇಲೆ ಎತ್ತಿ ಅಲುಗಿಸಿ ನೋಡಿ. ಮಲಗಿಸಿದಾಗಲೂ ಅಲುಗಾಡಿದರೆ ಕಾಲುಗಳ ಚೌಕಟ್ಟು ಸಡಿಲ. ಮೂಲೆಯಿಂದ ಮೂಲೆಗೆ ಎರಡು ಕಡೆಯಿಂದಲೂ ಅಳೆಯಿರಿ. ಎರಡು ಅಳತೆ ಒಂದೇ ಬರಬೇಕು. ಬರದಿದ್ದರೆ ಚೌಕಟ್ಟು ಓರೆಯಾಗಿದೆ. ಬೋಲ್ಟುಗಳನ್ನು ಸಡಿಲಿಸಿ, ಅಳತೆ ಒಂದಾಗುವ ತನಕ ತಳ್ಳಿ, ಮತ್ತೆ ಬಿಗಿಯಿರಿ. ಹಿಂದಿನ ಎರಡು ಕಾಲುಗಳ ನಡುವೆ ಅಡ್ಡ ಹಲಗೆ ಇಲ್ಲದ ಮೇಜುಗಳು ಎಷ್ಟು ಬಿಗಿದರೂ ಪಕ್ಕಕ್ಕೆ ತೂಗಾಡುತ್ತವೆ. ಅಲ್ಲಿ ಆರಿಂಚು ಅಗಲದ ಒಂದು ಹಲಗೆ ಹೊಡೆಸಿ. ಬೇರೆ ಯಾವ ಉಪಾಯಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಎತ್ತಿದಾಗ ಮಾತ್ರ ಅಲುಗಾಡಿದರೆ ಎರಡು ಪಟ್ಟಿಗಳು ಬೇರೆ ಬೇರೆ ಹಲ್ಲಿನಲ್ಲಿವೆಯೇ ಎಣಿಸಿ. ನಿಧಾನವಾಗಿ ಎತ್ತುತ್ತಾ ಎರಡೂ ಕಡೆಯ ಟಕ್ ಸದ್ದನ್ನು ಕೇಳಿಸಿಕೊಳ್ಳಿ. ಒಟ್ಟಿಗೇ ಬರಬೇಕು. ಒಂದು ಮುಂದೆ ಒಂದು ಹಿಂದೆ ಬಂದರೆ ಒಂದು ಪಟ್ಟಿಯನ್ನು ತಪ್ಪು ಜಾಗದಲ್ಲಿ ಕೂರಿಸಿದ್ದಾರೆ. ಒಂದೇ ಕಡೆ ಪಟ್ಟಿ ಇರುವ ಮೇಜುಗಳನ್ನೂ ಕಂಡಿದ್ದೇನೆ. ಅಲ್ಲಿ ಆಸರೆ ಇಲ್ಲದ ಮೂಲೆ ಪ್ರತಿ ಸಲ ಕೆಳಗೆ ಬಗ್ಗುತ್ತದೆ, ವರ್ಷದಲ್ಲಿ ಹಿಂಜ್ ತಿರುಚಿಕೊಳ್ಳುತ್ತದೆ. ಎರಡನೇ ಪಟ್ಟಿ ಹಾಕಿಸುವುದೇ ದಾರಿ.

ಹಲಗೆ ಬಾಗಿದೆ, ಅಥವಾ ಮಳೆಗಾಲದಲ್ಲಿ ಬಿಗಿಯಾಗುತ್ತದೆ

ಮೂಲೆಯಿಂದ ಮೂಲೆಗೆ ದಾರ ಬಿಗಿದು ಹಿಡಿಯಿರಿ. ನಡುವೆ ದಾರಕ್ಕೂ ಹಲಗೆಗೂ ಸಂದು ಕಂಡರೆ ಹಲಗೆ ತಗ್ಗಾಗಿದೆ. ನಡುವೆ ದಾರ ತಾಗಿ ತುದಿಯಲ್ಲಿ ಎದ್ದರೆ ಉಬ್ಬಿದೆ. 2 ಮಿ.ಮೀ. ತನಕ ಬರೆಯುವವರಿಗೆ ಗೊತ್ತೇ ಆಗುವುದಿಲ್ಲ, ಬಿಟ್ಟುಬಿಡಿ. ಟಿ ಸ್ಕ್ವೇರ್, ಡ್ರಾಫ್ಟರ್‌ನಂಥ ಗೆರೆ ಎಳೆಯುವ ಸಾಧನ ಬಳಸುವವರಿಗೆ ಮಾತ್ರ ಅಷ್ಟೂ ತೊಂದರೆಯೇ.

ಪ್ಲೈವುಡ್ ಬಾಗಲು ನಾನು ಕಂಡ ದೊಡ್ಡ ಕಾರಣ ಒಂದೇ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿರುವುದು. ಮೇಲಿನ ಮುಖ ಮುಚ್ಚಿದೆ, ಕೆಳಗಿನದು ಬರಿದಾಗಿದೆ. ತೇವ ಕೆಳಗಿನಿಂದ ಮಾತ್ರ ಒಳಗೆ ಹೋಗಿ ಬರುತ್ತದೆ, ಒಂದೇ ಕಡೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಾಮಾನ್ಯ ಮೇಜಿನಲ್ಲಿ ಸುತ್ತಲಿನ ಚೌಕಟ್ಟು ಹಲಗೆಯನ್ನು ಹಿಡಿದು ನೇರ ಇಡುತ್ತದೆ. ಓರೆಯಾಗುವ ಹಲಗೆಗೆ ಆ ಆಸರೆ ಇಲ್ಲ, ಅದು ಒಂದೇ ಅಂಚಿಗೆ ತೂಗಿಕೊಂಡಿದೆ. ಅದಕ್ಕೇ ಇಲ್ಲಿ ಅಡಿ ಮುಖಕ್ಕೂ ತೆಳುವಾದ ಲ್ಯಾಮಿನೇಟ್ ಹಾಕಲೇಬೇಕು. ಈಗಾಗಲೇ ಸ್ವಲ್ಪ ಬಾಗಿದ್ದರೆ ಮಳೆ ಮುಗಿದು ಹಲಗೆ ಒಣಗಿದ ಮೇಲೆ ಅಡಿಗೆ ಎರಡು ಸಲ ವಾರ್ನಿಷ್ ಹೊಡೆಯಿರಿ, ಉದ್ದುದ್ದಕ್ಕೆ ಎರಡು ಗಟ್ಟಿ ಮರದ ರೀಪುಗಳನ್ನು ಸ್ಕ್ರೂ ಹಾಕಿ ಕೂರಿಸಿ.

ಪ್ಲೈವುಡ್ಡಿನ ದರ್ಜೆಯೂ ಮುಖ್ಯ. ಮಲೆನಾಡು, ಕರಾವಳಿಯ ಕಡೆಯವರು ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ ದರ್ಜೆ) ಅಂತ ಮುದ್ರೆ ಇರುವ ಐಎಸ್ 303 ಪ್ಲೈವುಡ್ ಕೇಳಿ. ಬರೀ ತೇವ ತಡೆಯುವ ಎಂಆರ್ ದರ್ಜೆಯದು ಬೆಂಗಳೂರಿನ ಒಣ ಕೋಣೆಯಲ್ಲಿ ಬಾಳುತ್ತದೆ, ಮಲೆನಾಡಿನ ಸಾಗರ ಊರಿನ ಜುಲೈ ತಿಂಗಳಿಗೆ ಅಷ್ಟು ಸಾಲದು. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಇನ್ನೂ ಒಳ್ಳೆಯದೇ, ಆದರೆ ಓದುವ ಮೇಜಿಗೆ ಅಷ್ಟು ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ.

ತೇಗ, ಹಲಸು, ಸಿಲ್ವರ್ ಓಕ್ ಹೀಗೆ ಗಟ್ಟಿ ಮರದ ಹಲಗೆ ಜೋಡಿಸಿ ಮಾಡಿಸಿದ್ದರೆ ವಿಷಯ ಬೇರೆ. ಮರ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಎರಡಡಿ ಅಗಲದಲ್ಲಿ ವರ್ಷದೊಳಗೆ ಕೆಲವು ಮಿ.ಮೀ. ಆಡುತ್ತದೆ. ಅಡಿಯಲ್ಲಿ ಎಳೆಗೆ ಅಡ್ಡವಾಗಿ ರೀಪುಗಳನ್ನು ಅಂಟು ಹಾಕಿ ಬಿಗಿದಿದ್ದರೆ ಹಲಗೆಗೆ ಆಡಲು ಜಾಗ ಇಲ್ಲ, ಅದು ಬಾಗುತ್ತದೆ, ಇಲ್ಲವೇ ಸೀಳುತ್ತದೆ. ಎಂಜಿನಿಯರಿಂಗ್ ಓದಿದವರು ಹಳೇ ಡ್ರಾಯಿಂಗ್ ಬೋರ್ಡನ್ನು ತಿರುಗಿಸಿ ನೋಡಿದ್ದರೆ ನೆನಪಿರಬಹುದು. ಹಿಂದಿನ ಎರಡು ರೀಪುಗಳಲ್ಲಿ ಸ್ಕ್ರೂ ತೂತುಗಳು ದುಂಡಗಿರದೆ ಉದ್ದುದ್ದ ಸೀಳಾಗಿದ್ದವು. ಹಲಗೆ ಹಿಗ್ಗಿದಾಗ ಸ್ಕ್ರೂ ಆ ಸೀಳಿನಲ್ಲಿ ಸರಿಯಲಿ ಅಂತ. ರೀಪು ಬಿಚ್ಚಿ, ಅಂಟು ಕೆರೆದು, ನಡುವಿನ ಒಂದು ತೂತು ಬಿಟ್ಟು ಉಳಿದವನ್ನು ಸೀಳು ಮಾಡಿಸಿ, ವಾಷರ್ ಹಾಕಿ ಕೂರಿಸಿ. ಇಷ್ಟು ಮಾಡಿದರೆ ಎಷ್ಟೋ ಹಲಗೆಗಳು ಒಂದು ಬೇಸಿಗೆಯಲ್ಲಿ ತಾವಾಗೇ ನೇರಕ್ಕೆ ಬರುತ್ತವೆ.

ಹಲಗೆಯ ಪಕ್ಕ ಚೌಕಟ್ಟಿಗೆ ಉಜ್ಜುತ್ತಿದ್ದರೆ ಉಜ್ಜುವ ಜಾಗ ತಿಳಿಯಲು ಸಂದಿನಲ್ಲಿ ಒಂದು ಪೋಸ್ಟ್‌ಕಾರ್ಡ್ ಆಡಿಸಿ. ಅದು ಸಿಕ್ಕಿಕೊಳ್ಳುವ ಜಾಗದಲ್ಲಿ ಗುರುತು ಮಾಡಿ. ಆದರೆ ಮಳೆಗಾಲದಲ್ಲಿ ಕೀಸುಳಿ ಹಿಡಿಯಬೇಡಿ. ಆಷಾಢದಲ್ಲಿ ಬಿಗಿ ಅಂತ ಕೀಸಿದ ಹಲಗೆ ಮಾಘದ ಹೊತ್ತಿಗೆ ಕುಗ್ಗಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಅಲ್ಲಿಯ ತನಕ ಅಂಚಿಗೆ ಮೇಣದಬತ್ತಿ ಉಜ್ಜಿ ನಡೆಸಿ. ಹೊಸದಾಗಿ ಮಾಡಿಸುವಾಗ ಎರಡೂ ಪಕ್ಕ 3 ಮಿ.ಮೀ. ಸಂದು ಬಿಡಲು ಹೇಳಿ.

ಪುಸ್ತಕ, ಪೆನ್ಸಿಲ್ ಜಾರುತ್ತವೆ

ಕೆಳಗಿನ ಅಂಚಿಗೆ ತಡೆಪಟ್ಟಿ ಬೇಕು, ಇಷ್ಟೇ. ಆದರೆ ಅದರ ಎತ್ತರದಲ್ಲಿ ಜನ ತಪ್ಪುತ್ತಾರೆ. ಒಂದು ಇಂಚಿನ ಪಟ್ಟಿ ಹೊಡೆಸಿದರೆ ಪುಸ್ತಕ ನಿಲ್ಲುತ್ತದೆ, ಬರೆಯುವ ಕೈಗೆ ಆ ಅಂಚು ಒತ್ತುತ್ತದೆ. 10 ಮಿ.ಮೀ. ಸಾಕು, ಮೇಲಂಚು ದುಂಡಗೆ ಉಜ್ಜಿರಬೇಕು. ಇಡೀ ಅಂಚಿಗೆ ಬೇಡ, ನಡುವೆ ಒಂದಡಿ ಇದ್ದರೂ ಪುಸ್ತಕ ನಿಲ್ಲುತ್ತದೆ, ಕೈಗಳು ಎರಡೂ ಪಕ್ಕ ಆರಾಮಾಗಿರುತ್ತವೆ. ನುಣುಪು ಲ್ಯಾಮಿನೇಟಿನ ಮೇಲೆ ಹಾಳೆ ಜಾರುತ್ತಿದ್ದರೆ ರಬ್ಬರ್ ಮ್ಯಾಟ್ ಹಾಸಿ. ಹೊಳೆಯದ ಮ್ಯಾಟ್ ಲ್ಯಾಮಿನೇಟ್ ಮೊದಲೇ ಹಾಕಿಸಿದ್ದರೆ ಇನ್ನೂ ಒಳ್ಳೆಯದು, ದೀಪದ ಹೊಳಪೂ ಕಣ್ಣಿಗೆ ಹೊಡೆಯುವುದಿಲ್ಲ.

ಮೇಜು ಸರಿಯಿದೆ, ಕತ್ತು ಭುಜ ನೋಯುತ್ತದೆ

ಓರೆ ಎಷ್ಟಿದೆ ಅಳೆಯಿರಿ. ಕೋನಮಾಪಕ ಬೇಡ. ಎರಡಡಿ ಅಗಲದ ಹಲಗೆಯಲ್ಲಿ ಹಿಂದಿನ ಅಂಚು ಸುಮಾರು 10 ಸೆಂ.ಮೀ. ಎದ್ದರೆ 10 ಡಿಗ್ರಿ, 16 ಸೆಂ.ಮೀ. ಎದ್ದರೆ 15, 30 ಸೆಂ.ಮೀ. ಎದ್ದರೆ 30, 43 ಎದ್ದರೆ 45 ಡಿಗ್ರಿ. ಬರೆಯಲು 10ರಿಂದ 15 ಸಾಕು. ಓದಲು ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ದೊಡ್ಡ ಹಾಳೆಯ ಚಿತ್ರಕ್ಕೆ 30ರ ತನಕ. ನೀರುಬಣ್ಣಕ್ಕೆ ಬಹಳ ಕಡಿಮೆ, ಇಲ್ಲದಿದ್ದರೆ ಬಣ್ಣ ಹರಿಯುತ್ತದೆ.

ಭುಜ ಮೇಲೆತ್ತಿ ಕೂರಬೇಕಾಗಿದ್ದರೆ ತಪ್ಪು ಓರೆಯಲ್ಲಿಲ್ಲ, ಎತ್ತರದಲ್ಲಿ. ಮುಂದಿನ ಅಂಚು ಮೊಣಕೈ ಮಟ್ಟಕ್ಕೆ ಇರಬೇಕು. ಓರೆ ಮಾಡಿದಾಗ ಮುಂದಿನ ಅಂಚು ಏಳದೆ ಹಿಂದಿನದು ಮಾತ್ರ ಏಳುವ ಮೇಜೇ ಒಳ್ಳೆಯದು ಅನ್ನುವುದು ಇದಕ್ಕೆ. ನಡುವೆ ಹಿಂಜ್ ಇರುವ ಮೇಜಿನಲ್ಲಿ ಮುಂದಿನ ಅಂಚು ಕೆಳಗಿಳಿದು ತೊಡೆಗೆ ತಾಗುತ್ತದೆ. ಓರೆ, ಎತ್ತರ ಎರಡನ್ನೂ ಸರಿ ಮಾಡಿದ ಮೇಲೂ ಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ತೋಳಿಗೆ ಇಳಿಯುತ್ತಿದ್ದರೆ ಮೇಜನ್ನು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಮೇಜೇ ವಾಲುತ್ತದೆ

ಇದನ್ನು ಮುಂದಕ್ಕೆ ಹಾಕಬೇಡಿ. ಹಲಗೆ ಖಾಲಿ ಮಾಡಿ, ಮುಂದಿನ ಅಂಚನ್ನು ಎರಡು ಅಂಗೈಯಿಂದ ನಿಧಾನವಾಗಿ ಕೆಳಗೆ ಒತ್ತಿ. ಹಿಂದಿನ ಕಾಲು ನೆಲ ಬಿಟ್ಟರೆ ಆ ಮೇಜನ್ನು ಅವತ್ತಿನಿಂದಲೇ ಬಳಸಬೇಡಿ. ಕುರ್ಚಿಯಿಂದ ಏಳುವಾಗ ಎಲ್ಲರೂ ಒತ್ತುವುದು ಆ ಅಂಚನ್ನೇ. ಆಮೇಲೆ ಹಲಗೆಯನ್ನು ಪೂರ್ತಿ ಎತ್ತಿ ಹಿಂದಕ್ಕೆ ತಳ್ಳಿ ನೋಡಿ. ಮುಂದಿನ ಕಾಲು ಎದ್ದರೆ ಅದೂ ಅಪಾಯ.

ಹಲಗೆ ಕಾಲುಗಳಿಗಿಂತ ಮುಂದಕ್ಕೆ ಒಂದು ಗೇಣು ಚಾಚಿಕೊಂಡಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಹಿಂಜನ್ನು ಹಿಂದಕ್ಕೆ ತರುವುದು ಕಷ್ಟ. ಕಾಲುಗಳ ಬುಡಕ್ಕೆ ಮುಂದೆ ಹಿಂದೆ ಚಾಚಿದ ಪಾದಪಟ್ಟಿ ಹೊಡೆಸುವುದು ಸುಲಭ. ಮಕ್ಕಳಿರುವ ಮನೆಯಲ್ಲಿ ಅದರ ಜೊತೆಗೆ ಹಿಂದಿನ ಅಡ್ಡ ಹಲಗೆಯನ್ನು ಗೋಡೆಗೆ ಎಲ್ ಕ್ಲ್ಯಾಂಪ್ ಹಾಕಿ ಕಟ್ಟಿಬಿಡಿ. ಹಿಂದಿನ ಸಂದಿನಲ್ಲಿ, ಪಟ್ಟಿಗಳ ನಡುವೆ, ಎರಡು ಬೆರಳು ಸಲೀಸಾಗಿ ಆಡುವಷ್ಟು ಜಾಗ ಇರಲಿ, ಇಲ್ಲವೇ ಬೆರಳೇ ಹೋಗದಂತೆ ಮುಚ್ಚಿರಲಿ. ಒಂದು ಬೆರಳು ಮಾತ್ರ ಹೋಗಿ ಸಿಕ್ಕಿಕೊಳ್ಳುವ ಸಂದು ಎಲ್ಲಿಯೂ ಇರಬಾರದು.

ಯಾವಾಗ ಬೇರೆಯವರನ್ನು ಕರೆಯಬೇಕು

ಹಿಂಜ್ ಅಂಚಿನ ಉದ್ದಕ್ಕೂ ಪ್ಲೈವುಡ್ ಪದರ ಬಿಟ್ಟಿದ್ದರೆ ಆ ಹಲಗೆಯ ಕತೆ ಮುಗಿದಿದೆ. ಆಚಾರಿಯವರಿಗೆ ಹೇಳಿ ಹಲಗೆ ಮಾತ್ರ ಬದಲಿಸಿ, ಚೌಕಟ್ಟು ಉಳಿಸಿಕೊಳ್ಳಿ. ಕಬ್ಬಿಣದ ಚೌಕಟ್ಟಿನ ಬೆಸುಗೆ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಅದಕ್ಕೆ ಎಂಸೀಲ್ ಮೆತ್ತಿ ನಡೆಸಬೇಡಿ. ಮೇಜು ಹುಳು ತಿಂದಿದ್ದರೆ, ತಟ್ಟಿದಾಗ ಹಿಟ್ಟು ಉದುರಿದರೆ, ಸ್ಕ್ರೂ ಎಲ್ಲಿ ಹಾಕಿದರೂ ನಿಲ್ಲುವುದಿಲ್ಲ.

ಹಲಗೆಗೇ ಕಚ್ಚಿಸಿದ ದೀಪ ಇದ್ದವರು ವೈರನ್ನು ಕೈಯಲ್ಲಿ ಹಿಡಿದು ಪೂರ್ತಿ ನೋಡಿ, ಪ್ಲಗ್ ಕಿತ್ತ ಮೇಲೆ. ಹಲಗೆ ಇಳಿಸುವಾಗ ವೈರು ಹಿಂಜ್ ಸಂದಿನಲ್ಲೋ ಪಟ್ಟಿಯ ಸಂದಿನಲ್ಲೋ ಸಿಕ್ಕಿ ಹೊರಗಿನ ರಬ್ಬರ್ ಕತ್ತರಿಸಿರುತ್ತದೆ. ನಮ್ಮ ಮನೆಯಲ್ಲಿ ಅದು ಕಂಡದ್ದು ಧೂಳು ಒರೆಸುವಾಗ. ಗಾಯ ಕಂಡರೆ ಟೇಪು ಸುತ್ತಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ಹೊಸ ವೈರು ಹಾಕಿಸಿ. ಆಮೇಲೆ ದೀಪವನ್ನು ಏಳುವ ಹಲಗೆಗೆ ಕಚ್ಚಿಸದೆ, ಅಲ್ಲಾಡದ ಚೌಕಟ್ಟಿಗೋ ಗೋಡೆಗೋ ಕೂರಿಸಿ.